ಎಂಬತ್ತು ಯಾರಿಗೂ ಸಿಗದ ಊರಿನಲ್ಲಿ

ಗುಂಡ್ಲುಪೇಟೆ

ವಿದೇಶಕ್ಕೆ ಹೋಗುವವರಿಗೆ ನಾನಾ ಕಾರಣಗಳಿರುತ್ತವೆ. ನಾನು ಹೋದದ್ದು ಮಗಳಿಗೆ ಅರವತ್ತನಾಲ್ಕು ಅಂಕ ಬಂದಿದೆ ಎಂಬ ಕಾರಣಕ್ಕೆ.

ನಾನು ಗಣಿತದ ಮೇಡಂ. ಎರಡು ವರ್ಷದ ಹಿಂದೆ ನಿವೃತ್ತಿಯಾಗುವವರೆಗೆ ಸರ್ಕಾರಿ ಹೈಸ್ಕೂಲುಗಳಲ್ಲಿ ಪಾಠ ಮಾಡಿದವಳು. ಹೆಚ್ಚಿನ ಕಾಲ ಚಾಮರಾಜನಗರದಲ್ಲಿ, ಕೊನೆಯ ನಾಲ್ಕು ವರ್ಷ ಸ್ವಂತ ಊರಾದ ಗುಂಡ್ಲುಪೇಟೆಯಲ್ಲಿ. ಬೇಸಿಗೆ ಬಂತೆಂದರೆ ಹತ್ತನೇ ತರಗತಿಯ ಮೌಲ್ಯಮಾಪನಕ್ಕೆ ಹೋಗುತ್ತಿದ್ದೆ. ಅಕ್ಕಪಕ್ಕ ಕೂತು ನೋಡಿ ಬರೆದವರನ್ನು ಬರೀ ಉತ್ತರ ಪತ್ರಿಕೆಯಿಂದಲೇ ಹಿಡಿಯುತ್ತೇನೆ ಎಂದು ನನಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಹೆಮ್ಮೆಯೂ ಇತ್ತು.

ಮಗಳು ಸಿಂಚನ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು, ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಎಂ.ಎ. ಮಾಡಲು ಹೊರಟಳು. ಬೀದಿಯವರಿಗೆ ಎಲೆಕ್ಟ್ರಾನಿಕ್ಸ್ ಎಂದಷ್ಟೇ ಹೇಳಿ ಸಂಗೀತವನ್ನು ನುಂಗಿಕೊಂಡೆ. ಅವಳು ಹೊರಡುವಾಗ ನಾನೊಂದು ಷರತ್ತು ಹಾಕಿದೆ. ಎಂಬತ್ತು ಬಂದರೆ ಅಲ್ಲೇ ಪಿಎಚ್.ಡಿ. ಮಾಡಲಿ, ಬರದಿದ್ದರೆ ವಾಪಸು ಬಂದು ಬಿ.ಎಡ್. ಸೇರಲಿ. ಎಂಬತ್ತು ನಮ್ಮ ಕಡೆ ದೊಡ್ಡ ಮಾತೇ ಅಲ್ಲ. ತೊಂಬತ್ತೆಂಟು ಬಂದವರ ತಾಯಂದಿರು ಮರು ಎಣಿಕೆಗೆ ಅರ್ಜಿ ಹಿಡಿದು ನಿಲ್ಲುವುದನ್ನು ಕಂಡಿದ್ದೇನೆ. ಸಿಂಚನಳೂ ತಟ್ಟನೆ ಒಪ್ಪಿಕೊಂಡಳು.

ಮೊದಲ ಅವಧಿಯಲ್ಲಿ ಬಂದದ್ದು ಅರವತ್ತನಾಲ್ಕು. "ಕ್ಲಾಸಲ್ಲಿ ನಂದೇ ಮೂರನೇದು ಕಣಮ್ಮ, ಒಳ್ಳೆ ಮಾರ್ಕ್ಸು" ಎಂದು ಫೋನಿನಲ್ಲಿ ಹೇಳಿದಳು. ಅರವತ್ತನಾಲ್ಕು ತಂದವರೆಲ್ಲ ಮನೆಯಲ್ಲಿ ಇದೇ ಮಾತು ಹೇಳುತ್ತಾರೆ. ನನಗೆ ಮೂರು ಅನುಮಾನ ಬಂದವು: ಅವಳು ಓದುತ್ತಿಲ್ಲ, ಅಥವಾ ಅದು ವಿಶ್ವವಿದ್ಯಾಲಯವೇ ಅಲ್ಲ, ಅಥವಾ ಬಿಳಿಯರು ನಮ್ಮ ಹುಡುಗಿಗೆ ಅಂಕ ಹಿಡಿದು ಕೊಟ್ಟಿದ್ದಾರೆ. ಕೊನೆಯ ಅವಧಿಗೆ ಖುದ್ದಾಗಿ ಹೋಗಿ ನೋಡುವುದು, ಬರುವಾಗ ಅವಳನ್ನು ಜೊತೆಗೆ ಕರೆತರುವುದು ಎಂದು ತೀರ್ಮಾನಿಸಿದೆ.

ನಮ್ಮ ಯಜಮಾನರು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿದ್ದವರು. ಆನೆಗಳನ್ನೂ ನನ್ನನ್ನೂ ಒಂದೇ ತಾಳ್ಮೆಯಿಂದ ನೋಡುವ ಮನುಷ್ಯ. "ಓಗ್ಬುಟ್ಟು ಬಾ" ಎಂದರು. "ಆದ್ರೆ ಆ ದೇಸ್ದಲ್ಲಿ ಎಲ್ರ ಮ್ಯಾಲೂ ಅನ್ಮಾನ ಪಡ್ಬ್ಯಾಡ ಕಣಮ್ಮಿ. ಇಲ್ಲಿರೋರು ಸಾಕಾಗಿಲ್ವಾ ನಿಂಗೆ?"

ವಿಮಾನ ನಿಲ್ದಾಣ

ಆದರೆ ಮೊದಲು ಅನುಮಾನಪಟ್ಟವರು ಆ ದೇಶದವರೇ. ಕಸ್ಟಮ್ಸಿನ ಯುವಕ ನನ್ನ ಸೂಟ್‌ಕೇಸು ತೆರೆಸಿದ. ಹುರಿಹಿಟ್ಟಿನ ಪೊಟ್ಟಣವನ್ನು ಮೂಸಿ ಬದಿಗಿಟ್ಟ. ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ವಿಭೂತಿ ಗಟ್ಟಿಗಳಿದ್ದವು. ಬೆಳ್ಳಗೆ, ಅಚ್ಚುಕಟ್ಟಾಗಿ, ಪುಡಿ ಉದುರಿಸುತ್ತ. ಅವನು ಕೈಗವಸು ಹಾಕಿಕೊಂಡ. ಇನ್ನೊಬ್ಬನನ್ನು ಕರೆದ.

ಪರೀಕ್ಷಾ ಕೊಠಡಿಗೆ ನುಗ್ಗಿ ಜೇಬು ತಡಕುವ ವಿಚಕ್ಷಣ ದಳದ ಮುಖವನ್ನೇ ಅವನಲ್ಲಿ ಕಂಡೆ. ನಾನೂ ಆ ದಳದಲ್ಲಿ ಇದ್ದವಳು. ಬೂದಿ ಎಂದೆ, ಯಾವುದರ ಬೂದಿ ಎಂದ. ಸಗಣಿಯದು ಎಂದೆ, ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಕೊನೆಗೆ ಒಂದು ಗಟ್ಟಿ ತೆಗೆದು, ಮೂರು ಬೆರಳಲ್ಲಿ ತೀಡಿ, ಅವರಿಬ್ಬರ ಎದುರೇ ಹಣೆಗೆ ಹಚ್ಚಿಕೊಂಡು ನಿಂತೆ. ಹಿರಿಯವನು ನಕ್ಕು ಬಿಟ್ಟ. ಸಣ್ಣವನು ಗಟ್ಟಿಗಳನ್ನು ಉಜ್ಜಿ ಯಂತ್ರದಲ್ಲಿ ಪರೀಕ್ಷಿಸಿ ಆದ ಮೇಲೇ ಬಿಟ್ಟ. ನನಗೆ ಸಣ್ಣವನೇ ಹಿಡಿಸಿದ.

ಮಗಳ ಊರು

ಆ ಊರಿನಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಗುಂಡ್ಲುಪೇಟೆ ಬಸ್‌ ಸ್ಟ್ಯಾಂಡಿನಲ್ಲಿ ಇಳಿಯುವವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ; ಹತ್ತುವವರು ಬಾಗಿಲಲ್ಲೇ ಇರುತ್ತಾರೆ. ಕೆಲಸ ಮಾಡಿದವನಿಗೆಲ್ಲ ಥ್ಯಾಂಕ್ಸ್ ಏಕೆ, ಅವನೇನು ದಾರಿ ತಪ್ಪಿಸುವವನಿದ್ದನೇ ಎಂದು ಸಿಂಚನಳನ್ನು ಕೇಳಿದೆ. "ಸುಮ್ನೆ ಹೇಳಮ್ಮ, ಬಾಯಿ ಸವೆಯಲ್ಲ" ಎಂದಳು. ನಾನು ಹೇಳಲಿಲ್ಲ.

ಪಕ್ಕದ ಮನೆಯ ಮುದುಕಿ ನನ್ನ ಸೀರೆಗೆ 'ಲವ್ಲಿ' ಅಂದಳು. ಮೋಡಕ್ಕೂ ಲವ್ಲಿ, ನಾನು ಕೊಟ್ಟ ಖಾರದ ಚಟ್ನಿಪುಡಿ ತಿಂದು ಕಣ್ಣೀರು ಸುರಿಸುತ್ತಲೂ ಲವ್ಲಿ. ಬಾಯಲ್ಲಿ ಇಷ್ಟು ಧಾರಾಳ ಇರುವವರು ಅಂಕದಲ್ಲಿ ಹೇಗೆ ಅರವತ್ತನಾಲ್ಕಕ್ಕೆ ನಿಲ್ಲುತ್ತಾರೆ? ನನ್ನ ಅನುಮಾನ ಗಟ್ಟಿಯಾಯಿತು.

ದಿನಸಿ ಅಂಗಡಿಯಲ್ಲಿ ನಾವೇ ಸಾಮಾನನ್ನು ಯಂತ್ರಕ್ಕೆ ತೋರಿಸಿ, ನಾವೇ ದುಡ್ಡು ಕಟ್ಟಿ, ಚೀಲಕ್ಕೆ ಹಾಕಿಕೊಂಡು ಹೋಗಬೇಕು. ನಿಂತು ನೋಡಲು ಒಬ್ಬ ಆಳೂ ಇಲ್ಲ. ಇಷ್ಟು ನಂಬಿಕೆ ಎಲ್ಲಿಯಾದರೂ ಉಂಟೇ ಎಂದು ಕ್ಯಾಮೆರಾ ಹುಡುಕುತ್ತ, ಭಾರವಾಗಿದ್ದ ನನ್ನ ಕೈಚೀಲವನ್ನು ತಟ್ಟೆಯ ಮೇಲಿಟ್ಟೆ. ಲೆಕ್ಕಕ್ಕೆ ಬಾರದ ವಸ್ತು ಇದೆ ಎಂದು ಯಂತ್ರ ಗಟ್ಟಿಯಾಗಿ ಕೂಗಿ ಕೆಂಪು ದೀಪ ಹಾಕಿತು. ಎಲ್ಲರೂ ತಿರುಗಿದರು. ಮನುಷ್ಯರು ಪಡದ ಅನುಮಾನವನ್ನು ಇಲ್ಲಿ ಯಂತ್ರಗಳಿಗೆ ವಹಿಸಿದ್ದಾರೆ ಎಂದು ಅಂದು ತಿಳಿಯಿತು.

ಸ್ಟುಡಿಯೋ

ವಿಶ್ವವಿದ್ಯಾಲಯ ನಿಜವಾಗಿಯೂ ಇತ್ತು. ಅಷ್ಟರಮಟ್ಟಿಗೆ ಸಮಾಧಾನ.

ಸಿಂಚನಳ ತರಗತಿಯಲ್ಲಿ ಹನ್ನೊಂದು ಜನ. ಸ್ಟುಡಿಯೋದ ಬಾಗಿಲು ಗೇಣು ದಪ್ಪ. ಮುಚ್ಚಿದರೆ ನಮ್ಮ ಉಸಿರು ನಮಗೇ ಕೇಳುತ್ತದೆ. ಒಳಗೆ ತಂಬೂರಿಯಿಲ್ಲ, ಹಾರ್ಮೋನಿಯಂ ಇಲ್ಲ. ಗುಂಡಿಗಳು, ವೈರುಗಳು, ಕಂಪ್ಯೂಟರು. ಎಮಿಲಿ ಎಂಬ ಹುಡುಗಿ ತನ್ನ ರಚನೆ ಕೇಳಿಸಿದಳು. ಮೂರು ವಾರ ಒಂದು ಹಳೇ ಫ್ರಿಜ್ಜಿನ ಗುಂಯ್ ಸದ್ದನ್ನು ಹಿಡಿದು, ಹಿಗ್ಗಿಸಿ, ಕುಗ್ಗಿಸಿ ಮಾಡಿದ್ದಂತೆ. ಹತ್ತು ನಿಮಿಷ ಕೇಳಿದೆ. ನಮ್ಮ ಮನೆಯ ಫ್ರಿಜ್ಜು ಹೀಗೆ ಸದ್ದು ಮಾಡಿದಾಗ ರಿಪೇರಿಯವನನ್ನು ಕರೆಸಿದ್ದೆವು.

"ಇದಕ್ಕೆಷ್ಟು ಬಂತು?" ಎಂದು ಮಗಳ ಕಿವಿಯಲ್ಲಿ ಕೇಳಿದೆ.

"ಅರವತ್ತೇಳು."

ಫ್ರಿಜ್ಜಿಗೆ ಅರವತ್ತೇಳು, ನನ್ನ ಮಗಳಿಗೆ ಅರವತ್ತನಾಲ್ಕು. ನಾಳೆಯೇ ಮೇಷ್ಟ್ರನ್ನು ನೋಡಬೇಕು ಎಂದೆ. ನಿನ್ನದು ಏನು ರಚನೆ ಎಂದು ಕೇಳಿದ್ದಕ್ಕೆ, ಹಳೆಯ ರೆಕಾರ್ಡಿಂಗು ಒಂದನ್ನು ಇಟ್ಟುಕೊಂಡು ಮಾಡುತ್ತಿದ್ದೇನೆ, ಶುಕ್ರವಾರ ಎಲ್ಲರೆದುರು ಕೇಳಿಸುತ್ತಾರೆ, ಆವಾಗಲೇ ಕೇಳು ಎಂದು ಮಾತು ತೇಲಿಸಿದಳು.

ಮೇಷ್ಟ್ರ ಕೋಣೆ

ಮೇಷ್ಟ್ರ ಹೆಸರು ಮಾರ್ಟಿನ್. ಅರವತ್ತರ ಆಸುಪಾಸು, ಮೊಣಕೈ ಹರಿದ ಸ್ವೆಟರು. ನನ್ನ ಮಗಳು ಅವರನ್ನು 'ಮಾರ್ಟಿನ್' ಎಂದೇ ಕರೆದಾಗ ನನಗೆ ಕೂತಲ್ಲೇ ಮೈ ಬಿಸಿಯಾಯಿತು. ನನ್ನ ಇಂಗ್ಲಿಷು ಪಾಠದ ಇಂಗ್ಲಿಷು. ಎಡವಿದಲ್ಲಿ ಸಿಂಚನ ಎತ್ತಿಕೊಡುತ್ತಿದ್ದಳು.

ಮೌಲ್ಯಮಾಪನದ ಸ್ಕೀಮ್ ತೋರಿಸಿ ಎಂದೆ. ನಮ್ಮಲ್ಲಿ ಸೂತ್ರ ಬರೆದರೆ ಅರ್ಧ, ಬೆಲೆ ಹಾಕಿದರೆ ಅರ್ಧ, ಉತ್ತರಕ್ಕೆ ಒಂದು ಎಂದು ಹಂತಹಂತಕ್ಕೆ ಇರುತ್ತದೆ. ಅವರು ಕೊಟ್ಟ ಹಾಳೆಯಲ್ಲಿ ಬರೀ ವಿಶೇಷಣಗಳು. ಐವತ್ತಕ್ಕೆ ತೃಪ್ತಿಕರ, ಅರವತ್ತಕ್ಕೆ ಉತ್ತಮ, ಎಪ್ಪತ್ತಕ್ಕೆ ಅತ್ಯುತ್ತಮ. ಎಪ್ಪತ್ತು ದಾಟಿದರೆ ಅಲ್ಲಿ ಅತ್ಯುನ್ನತ ದರ್ಜೆ. ಅದರ ಮೇಲೆ ಮೂವತ್ತು ಅಂಕ ಖಾಲಿ ಬಿದ್ದಿದೆ.

"ನಿಮ್ಮ ಸರ್ವಿಸಿನಲ್ಲಿ ಎಂಬತ್ತರ ಮೇಲೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?"

ಅವರು ಯೋಚಿಸಿದರು. "ಒಬ್ಬರಿಗೆ. ಆಮೇಲೆ ಜಾಸ್ತಿಯಾಯಿತು ಅನ್ನಿಸಿತು."

ನಾನು ಸಿಂಚನಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನಾನು ಹಾಕಿದ ಷರತ್ತು ಯಾರಿಂದಲೂ ಮುಟ್ಟಲಾಗದ್ದು ಎಂದು ಅವಳಿಗೆ ಮೊದಲ ತಿಂಗಳಲ್ಲೇ ತಿಳಿದಿತ್ತು, ನನಗೆ ಈಗ ತಿಳಿಯಿತು. ಆದರೂ ಮಾತು ಮಾತೇ ಎಂದು ಬಿಗಿಯಾಗಿ ಕೂತೆ.

ಅಂಕ ಕೊಡುವಾಗ ಹೆಸರು ಮುಚ್ಚಿರುತ್ತೇವೆ, ಇಬ್ಬರು ಬೇರೆ ಬೇರೆಯಾಗಿ ಕೇಳುತ್ತೇವೆ ಎಂದು ಅವರು ವಿವರಿಸಿದರು. ನಾನು ಬಿಡಲಿಲ್ಲ. "ಇರುವುದು ಹನ್ನೊಂದು ಜನ. ವರ್ಷವೆಲ್ಲ ಜೊತೆಗಿದ್ದು ಕೆಲಸ ನೋಡಿದ್ದೀರಿ. ಫ್ರಿಜ್ಜು ಯಾರದು ಎಂದು ಹೆಸರು ಮುಚ್ಚಿದರೆ ಗೊತ್ತಾಗುವುದಿಲ್ಲವೇ?"

ಮೇಷ್ಟ್ರು ಕನ್ನಡಕ ತೆಗೆದರು. "ಗೊತ್ತಾಗುತ್ತದೆ. ನೀವು ಹೇಳಿದ್ದು ಸರಿ. ನೀವು ತಿದ್ದುವಾಗ ಏನು ಮಾಡುತ್ತಿದ್ದಿರಿ?"

"ನಾನು ಹೆಸರೇ ನೋಡುವವಳಲ್ಲ" ಎಂದೆ.

ಸಿಂಚನ ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದಳು.

ಶುಕ್ರವಾರದ ಸಭಾಂಗಣ

ಮಧ್ಯಾಹ್ನ ನಾಲ್ಕಕ್ಕೆ ಕೇಳಿಸುವ ಕಾರ್ಯಕ್ರಮ. ವೇದಿಕೆಯ ಮೇಲೆ ಯಾರೂ ಇಲ್ಲ. ಸುತ್ತ ಇಪ್ಪತ್ತನಾಲ್ಕು ಸ್ಪೀಕರು, ನಡುವೆ ನಾವು ಐವತ್ತು ಜನ. ಹಾಡುವವರಿಲ್ಲದ ಕಛೇರಿಯಲ್ಲಿ ಯಾರ ಮುಖ ನೋಡಬೇಕೆಂದು ತಿಳಿಯದೆ ಎಲ್ಲರೂ ಕಣ್ಣು ಮುಚ್ಚಿದರು. ನಾನು ತೆರೆದೇ ಇದ್ದೆ.

ಸಿಂಚನಳ ರಚನೆ ಒಂದು ಗೀರಿನಿಂದ ಶುರುವಾಯಿತು. ಕಾಗದದ ಮೇಲೆ ಪೆನ್ನು ಎಳೆದ ಸದ್ದು. ಹಿಂದಿನಿಂದ ಇನ್ನೊಂದು. ಹಾಳೆ ಮಗುಚಿದ ಸದ್ದು ಎಡದಿಂದ ಬಲಕ್ಕೆ ಹೋಯಿತು. ಆಮೇಲೆ ಒಂದು ಹೆಣ್ಣು ದನಿ, ಅರೆಬಾಯಲ್ಲಿ: "ಎರಡು. ನಾಕು. ಐದೂವರೆ."

ಅದು ನಾನೇ. ಚಾಮರಾಜನಗರದ ಬಾಡಿಗೆ ಮನೆಯಲ್ಲಿ ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತ ಕೂತ ನಾನು. ನನ್ನ ದನಿ ಹತ್ತಾಗಿ, ಇಪ್ಪತ್ತಾಗಿ ಸಭಾಂಗಣದ ತುಂಬ ಎಣಿಸುತ್ತಿತ್ತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಅಂಕ ಕೂಡುವುದೂ ಒಂದು ತಾಳ ಎಂದು ನನಗೆ ಗೊತ್ತಿರಲಿಲ್ಲ. ಹೆಮ್ಮೆಯಿಂದ ಪಕ್ಕದವಳಿಗೆ ಅದು ನಾನು ಎಂದು ಹೇಳಲು ಬಗ್ಗಿದ್ದೆ.

ಅಷ್ಟರಲ್ಲಿ ಉಳಿದ ದನಿಗಳೆಲ್ಲ ನಿಂತು ಒಂದೇ ಒಂದು ಸ್ಪೀಕರಿನಲ್ಲಿ, ಸ್ಪಷ್ಟವಾಗಿ, ಹೀಗೆ ಬಂತು:

"ಹದ್ನೇಳು. ಇದೇನಿದು, ಕಾವ್ಯಂದೇ ಇದ್ದಂಗದೆ." ಹಾಳೆ ಮಗುಚಿತು. "ಮಾದೇವಿ, ನಿಂಗೆಲ್ಲಿಂದ ಬಂತಮ್ಮಿ ಈ ಲೆಕ್ಕ?" ಒಂದು ಉದ್ದನೆಯ ಗೀರು. "ಊಂಹೂಂ. ಹದ್ನಾಕು ಸಾಕು."

ಆ 'ಸಾಕು' ಸುತ್ತಲಿನ ಇಪ್ಪತ್ತನಾಲ್ಕು ಸ್ಪೀಕರಿನಲ್ಲಿ ಒಂದೊಂದಾಗಿ ತಿರುಗಿ, ಸಣ್ಣದಾಗಿ, ಆರಿಹೋಯಿತು. ಜನ ಚಪ್ಪಾಳೆ ತಟ್ಟಿದರು. ಕನ್ನಡ ಬರುತ್ತಿದ್ದವರು ಅಲ್ಲಿ ಇಬ್ಬರೇ.

ಕಾವ್ಯ ನನ್ನ ಸಹೋದ್ಯೋಗಿಯ ಮಗಳು. ಮಾದೇವಿ ಹರದನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಕೂಲಿಯವರ ಮಗಳು. ಒಂದೇ ಬೆಂಚು, ಒಂದೇ ಉತ್ತರ, ಒಂದೇ ಹಂತಗಳು. ಯಾರು ಯಾರದನ್ನು ನೋಡಿ ಬರೆದರು ಎಂದು ತೀರ್ಮಾನಿಸಲು ನಾನು ಹಾಳೆಯ ಮೇಲಿನ ಹೆಸರು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಕಾವ್ಯಳ ಅಂಕ ಹಾಗೆಯೇ ಉಳಿಯಿತು; ಮಾದೇವಿಯದರಲ್ಲಿ ಒಳಗಿನ ಬಿಡಿ ಅಂಕ ಮುಟ್ಟದೆ ಮೊತ್ತವನ್ನಷ್ಟೇ ಹೊಡೆದುಹಾಕಿದ್ದೆ. ನನಗೆ ಆ ಸಭಾಂಗಣದಲ್ಲಿ ತುಂಬ ನಾಚಿಕೆಯಾಯಿತು.

ದಾರಿಯಲ್ಲಿ ಮಗಳನ್ನು ಕೇಳಿದೆ, ಇದನ್ನು ಯಾವಾಗ ಹಿಡಿದೆ ಎಂದು.

"ಹತ್ತನೇ ಕ್ಲಾಸಲ್ಲಿ, ನಿನ್ ಫೋನಲ್ಲೇ. ನೀನು ಎಣಿಸೋದು ಕೇಳ್ತಿದ್ರೆ ನಂಗೆ ನಿದ್ದೆ ಬರೋದು ಕಣಮ್ಮ. ಅದಕ್ಕೇ ಇಟ್ಕಂಡಿದ್ದೆ."

"ಆ ಮಾತನ್ನ ತೆಗೆದು ಹಾಕ್ಬೋದಿತ್ತಲ್ಲ."

"ತೆಗೆದು ನೋಡ್ದೆ. ಸುಳ್ಳು ಅನ್ನಿಸ್ತು. ನೀನು ಬರ್ತೀಯ ಅಂತ ಗೊತ್ತಾದ್ಮೇಲೆ ತೆಗೆಯಕ್ಕೆ ಮನಸೂ ಬರ್ಲಿಲ್ಲ."

ಬೇಕೆಂದೇ ಇಟ್ಟಿದ್ದಳು. ನನ್ನ ಮಗಳಲ್ಲವೇ.

ಎರಡನೇ ಪುಟ

ಮೂರು ವಾರದ ಮೇಲೆ ಅಂಕ ಬಂತು: ಎಪ್ಪತ್ತನಾಲ್ಕು. ಜೊತೆಗೆ ಮಾರ್ಟಿನ್ ಬರೆದ ಒಂದು ಪುಟದ ಅಭಿಪ್ರಾಯ. ಸಿಂಚನ ಓದಿ ಹೇಳಿದಳು. ಭಾಷೆ ತಿಳಿಯದಿದ್ದರೂ ಈ ತಾಯಿಯ ದನಿಯಲ್ಲಿ ಮಗುವನ್ನು ತೂಗುವ ಮಮತೆ ಕೇಳುತ್ತದೆ, ಕೊನೆಯಲ್ಲಿ ಮರುಕಳಿಸುವ ಪದ ಜೋಗುಳದಂತಿದೆ ಎಂದಿತ್ತು.

"ಏನು ಹೇಳ್ತಿದೀನಿ ಅಂತಾನೇ ಗೊತ್ತಿಲ್ದೆ ಅಂಕ ಕೊಟ್ಬುಟ್ರಾ?"

"ನನ್ ಟಿಪ್ಪಣಿ ಎರಡನೇ ಪುಟದಲ್ಲಿ ಅನುವಾದ ಬರೆದು ಕೊಟ್ಟಿದ್ದೆ. ಅವರು ಓದಿದಂಗಿಲ್ಲ. ಬುಡಮ್ಮ, ಎಪ್ಪತ್ತನಾಲ್ಕು ಬಂದದೆ. ನಿನ್ ಎಂಬತ್ತಂತೂ ಬರಲ್ಲ." ಹಾಗೆಂದು ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದು ಬಟ್ಟೆ ಮಡಿಸತೊಡಗಿದಳು. ಅಳಲಿಲ್ಲ, ವಾದಿಸಲಿಲ್ಲ. ಒಪ್ಪಿದ ಮಾತಿಗೆ ತಪ್ಪುವವಳಲ್ಲ.

ತಿದ್ದದೆ ಬಿಟ್ಟ ಪುಟ. ಮೌಲ್ಯಮಾಪನ ಕೇಂದ್ರದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಬಂದ ದಿನದಿಂದ ಹುಡುಕುತ್ತಿದ್ದ ಕಳ್ಳತನ ಕೊನೆಗೂ ಕೈಗೆ ಸಿಕ್ಕಿತ್ತು. ಆದರೆ ಅದನ್ನು ಹಿಡಿದುಕೊಡಬೇಕಾದರೆ ಆ ಪುಟವನ್ನು ಮೇಷ್ಟ್ರು ಓದಬೇಕು. ಎರಡು ದಿನ ಸುಮ್ಮನಿದ್ದೆ. ಅಷ್ಟೇನೂ ಪ್ರಾಮಾಣಿಕಳಲ್ಲ ನಾನು.

ಮೂರನೆಯ ದಿನ ಒಬ್ಬಳೇ ಬಸ್ಸು ಹತ್ತಿದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿದ್ದು ನನ್ನ ಗಮನಕ್ಕೆ ಬಂದದ್ದು ಹತ್ತು ಹೆಜ್ಜೆ ನಡೆದ ಮೇಲೆ.

ಮಾರ್ಟಿನ್ ಕಡತದಿಂದ ಸಿಂಚನಳ ಟಿಪ್ಪಣಿಯ ಹಾಳೆ ತೆಗೆದರು. ಒಂದೇ ಹಾಳೆ. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ, ಎರಡರಲ್ಲಿ ಒಂದು ಎಂದು ಅಚ್ಚಾಗಿತ್ತು. ನಾನು ಅದರ ಮೇಲೆ ಬೆರಳಿಟ್ಟೆ. ಅವರ ಮುಖ ಕೆಂಪಾಯಿತು. ಕಂಪ್ಯೂಟರಿನಲ್ಲಿ ಎರಡನೇ ಪುಟ ತೆರೆದು ಓದಿದರು. ನಾಲ್ಕೇ ಸಾಲು, ತುಂಬ ಹೊತ್ತು ಓದಿದರು.

"ಇದು ನೀವೇ."

"ನಾನೇ."

"ಹೆಸರು ನೋಡುವುದಿಲ್ಲ ಎಂದಿದ್ದಿರಿ."

"ಅಂದಿದ್ದೆ" ಎಂದೆ. "ಅದು ಸುಳ್ಳು."

ಅವರು ಲವ್ಲಿ ಅನ್ನಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ತಾವೂ ಪುಟ ತಿರುಗಿಸಲಿಲ್ಲ ಎಂದು ಹೇಳಿ, ಎರಡನೆಯ ಮೌಲ್ಯಮಾಪಕರ ಜೊತೆ ಮತ್ತೆ ಕೂತು ಕೇಳುವುದಾಗಿ ಬರೆದುಕೊಂಡರು. ಆ ದೇಶದಲ್ಲಿ ನಾನು ನಂಬಿದ ಮೊದಲ ಮನುಷ್ಯ ಅವರು.

ವಾರದ ಮೇಲೆ ತಿದ್ದಿದ ಅಂಕ ಬಂತು. ಎಪ್ಪತ್ತೆಂಟು. ಆ ಎರಡು ಅಂಕವನ್ನು ಬೇಕೆಂದೇ ಹಿಡಿದಿಟ್ಟುಕೊಂಡಿದ್ದಾರೆ ಎಂದು ನನಗೆ ಈಗಲೂ ಅನುಮಾನ ಇದೆ.

ಸಿಂಚನ ನನ್ನ ಮುಖ ನೋಡುತ್ತಿದ್ದಳು. ಸೂಟ್‌ಕೇಸು ತುಂಬಿ ಬಾಗಿಲ ಬಳಿ ನಿಂತಿತ್ತು.

"ಬಿಚ್ಚು ಅದನ್ನ" ಎಂದೆ. "ಎಂಬತ್ತು ಅಂತ ಹೇಳಕ್ಕೆ ನಾನ್ಯಾರು. ನೀನು ಇಲ್ಲೇ ಓದು."

ಆವಾಗ ಅತ್ತಳು.

ಹರದನಹಳ್ಳಿ

ಊರಿಗೆ ಬಂದ ಎಂಟನೆಯ ದಿನ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಅಲ್ಲಿಂದ ಹರದನಹಳ್ಳಿಗೆ ಹೋದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಎಂದೆ. ನಾನು ಏನೋ ಮರೆತು ಇಳಿದೆನೇನೋ ಎಂಬಂತೆ ಅವನು ನನ್ನ ಸೀಟಿನ ಕಡೆ ತಿರುಗಿ ನೋಡಿದ.

ಮಾದೇವಿ ಎಲ್ಲಿ ಎಂದು ಕೇಳಿದರೆ ಹಾಲಿನ ಡೈರಿ ತೋರಿಸಿದರು. ಹತ್ತನೇ ತರಗತಿ ಪಾಸಾದ ಮೇಲೆ ಅವಳು ಮುಂದೆ ಓದಲಿಲ್ಲವಂತೆ. ಈಗ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಸಂಜೆಯ ಸಾಲು ನಿಂತಿತ್ತು. ಕ್ಯಾನು ಬಂದಂತೆ ಚೂರು ಹಾಲು ತೆಗೆದು ಯಂತ್ರಕ್ಕೆ ಹಿಡಿಯುವುದು, ಬಂದ ಫ್ಯಾಟ್ ಗಟ್ಟಿಯಾಗಿ ಓದುವುದು, ಬರೆಯುವುದು. ನನ್ನ ಮಗಳದೇ ವಯಸ್ಸು. ನೋಡಿದ ಕೂಡಲೇ ಎದ್ದು ನಿಂತಳು.

"ಬನ್ನಿ ಮೇಡಂ, ಕೂತ್ಕಳಿ. ಫಾರಿನ್‌ಗೆ ಓಗಿದ್ರಂತೆ. ಸಿಂಚನ ಚೆನ್ನಾಗವ್ಳಾ?"

ಸಾಲಿನಲ್ಲಿದ್ದ ಒಬ್ಬ ಹಿರಿಯರು ತಮ್ಮ ಹಾಲಿಗೆ ಫ್ಯಾಟ್ ಕಮ್ಮಿ ಬಂತೆಂದು ಗೊಣಗಿದರು. "ಮಿಷನ್ ಯೋಳಿದ್ದೇ ಬರ‍್ಯೋದು ಕಣಣ್ಣ" ಎಂದಳು. "ಯಾರ ಹಾಲು ಅಂತ ನಾನ್ ನೋಡಕಿಲ್ಲ. ಬೇಕಾರೆ ಇನ್ನೊಂದ್ ಕಿತ ಹಿಡೀತೀನಿ, ನೀವೇ ನೋಡಿ." ಹಿಡಿದಳು. ಅದೇ ಬಂತು. ಅವರು ಖಾಲಿ ಕ್ಯಾನು ಎತ್ತಿಕೊಂಡು ಹೋದರು.

ಸಾಲು ಕರಗುವವರೆಗೆ ಕಾದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಒಂದು ಪ್ರಶ್ನೆ ಮಾತ್ರ. ಹತ್ತನೇ ಕ್ಲಾಸಿನ ಗಣಿತದ ಒಂದು ಕಿರುಪರೀಕ್ಷೆಯಲ್ಲಿ ನೀನೂ ಕಾವ್ಯಳೂ ಒಂದೇ ಥರ ಬರೆದಿದ್ದಿರಿ, ನಿನಗೆಷ್ಟು ಬಂದಿತ್ತು, ನೆನಪಿದೆಯಾ ಎಂದೆ. ಮರೆತಿದ್ದೇನೆ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಹದ್ನಾಕು ಮೇಡಂ. ಇಪ್ಪತ್ತಕ್ಕೆ."

"ಅದು ಹದ್ನೇಳು ಕಣಮ್ಮಿ" ಎಂದೆ. "ನಿನಗೆ ಹದ್ನೇಳು ಬಂದಿತ್ತು."

ಮಾದೇವಿ ಯಂತ್ರದ ಕೊಳವೆಯನ್ನು ನೀರಿನಲ್ಲಿ ಅದ್ದಿ ತೊಳೆದಳು, ಬಟ್ಟೆಯಲ್ಲಿ ಒರೆಸಿ ಜಾಗದಲ್ಲಿಟ್ಟಳು.

"ಗೊತ್ತು ಮೇಡಂ" ಎಂದಳು. "ನಾನೂ ಕೂಡಿ ನೋಡಿದ್ದೆ."